ಪರವಾಗಿಲ್ಲ, ನೀರು ತಣ್ಣಗಿದೆ

ಬಾವಿಗೆ ಬಿದ್ದವನ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಆ ದೇವರಿಗೇ ಗೊತ್ತು. ಕೇಳಿ ಕೇಳಿ ಅವನಿಗೂ ಬಾಯಿಪಾಠವಾಗಿರಬೇಕು. ಒಬ್ಬ ಸಾಧು ಸ್ವಭಾವದ ಮನುಷ್ಯ ದಾರಿಯಲ್ಲಿ ಹೋಗುತ್ತಾ ಕಾಲು ಜಾರಿ ಬಾವಿಗೆ ಬೀಳುತ್ತಾನೆ. ಸದ್ದು ಕೇಳಿ ಓಡಿಬಂದ ಊರವರು ಮೇಲಿನಿಂದ ಬಗ್ಗಿ, "ಹೇಗಿದ್ದೀಯಪ್ಪಾ?" ಎಂದು ಕೂಗುತ್ತಾರೆ. ಅವನು ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, ಮುಖವೆತ್ತಿ, "ಪರವಾಗಿಲ್ಲ, ನೀರು ತಣ್ಣಗಿದೆ" ಎನ್ನುತ್ತಾನೆ. ಅಷ್ಟೇ ಕತೆ. ಕೊಡುವವನು ಇಟ್ಟ ಜಾಗದಲ್ಲೇ ತಂಪನ್ನು ಕಂಡುಕೊಳ್ಳುವುದು ಭಕ್ತಿ ಎಂದು ನಾನು ಕಣ್ಣು ಮುಚ್ಚಿಕೊಂಡು ಮುಗಿಸಿದರೆ, ಪ್ರಾರ್ಥನೆ ಮನೆಯ ಚಾಪೆಗಳ ಮೇಲೆ ಕೂತ ಜನ ತಲೆದೂಗುತ್ತಿದ್ದರು.

ತಲೆದೂಗದೆ ಕೂತಿರುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ. ಮನೆಗೆ ಬರುವ ದಾರಿಯಲ್ಲಿ ಕೇಳುತ್ತಿದ್ದಳು: "ಅದೆಲ್ಲ ಸರಿ ರೀ, ಆಮೇಲೆ ಅವನನ್ನ ಮೇಲಕ್ಕೆ ಎತ್ತಿದ್ದು ಯಾರು?"

"ಅದು ಕತೆಯಲ್ಲಿಲ್ಲ ಕಣೇ. ಮುಖ್ಯವೂ ಅಲ್ಲ."

"ಬಾವಿಯೊಳಗೆ ಇರೋನಿಗೂ ಮುಖ್ಯ ಅಲ್ವಾ?"

ಇವಳಿಗೆ ತತ್ವ ತಲೆಗೆ ಹತ್ತುವುದಿಲ್ಲ ಎಂದುಕೊಂಡು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿಬಿಡುತ್ತಿದ್ದೆ.

ನಮ್ಮದು ಗುಡ್ಡದ ಮೇಲಿನ ಊರು. ರಸ್ತೆ ಹೊಳೆಯ ಸೇತುವೆಯ ಹತ್ತಿರ ಸುಸ್ತಾಗಿ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಕಲ್ಲಿನ ಮೆಟ್ಟಿಲು. ಆಸ್ಪತ್ರೆಗೆ ಹೋಗಬೇಕೆಂದರೆ ಮೆಟ್ಟಿಲಿಳಿದು, ಜೀಪು ಹಿಡಿದು, ಜೀಪಿನಿಂದ ಬಸ್ಸು ಹಿಡಿದು, ಬಸ್ಸಿಳಿದ ಮೇಲೆ ಸಾಲಿನಲ್ಲಿ ನಿಲ್ಲಬೇಕು. ಕಾಯಿಲೆಯವರ ಜೊತೆಗೆ ಇನ್ನೊಬ್ಬರು ಹೋಗಬೇಕು, ಇಬ್ಬರ ಕೂಲಿಯೂ ಹೋಗುತ್ತದೆ. ಅಲ್ಲಿ ಡಾಕ್ಟರು ಪುಕ್ಕಟೆಯಾಗಿಯೇ ನೋಡುತ್ತಾರೆ. ಆದರೆ ಆ ಪುಕ್ಕಟೆಯನ್ನು ತಲುಪುವಷ್ಟರಲ್ಲಿ ಮನೆಯ ಮೇಕೆ ಮಾರಾಟವಾಗಿರುತ್ತದೆ. ಹೀಗಾಗಿ ನಮ್ಮ ಜನ ಕಾಯಿಲೆಯನ್ನು ಮುಂದೂಡುತ್ತಿದ್ದರು. ಮುಂದೂಡುವುದಕ್ಕೆ ಒಂದು ಒಳ್ಳೆಯ ಹೆಸರು ಬೇಕಿತ್ತು. ಆ ಹೆಸರನ್ನು ಒದಗಿಸಿದವನು ನಾನು: ಸಮಾಧಾನ.

ನನ್ನ ಕೆಲಸ ಪ್ರಾರ್ಥನೆ ಮನೆಯ ಬೀಗದ ಕೈ ಇಟ್ಟುಕೊಳ್ಳುವುದು. ಗುಡಿಸುವುದು, ದೀಪ ಹಚ್ಚುವುದು, ಚಾಪೆ ಹಾಸಿ ಮಡಚುವುದು, ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಒಂದು ಕತೆ ಹೇಳುವುದು. ಊರೆಲ್ಲ ನನ್ನನ್ನು ಕತೆ ತಾತ ಎನ್ನುತ್ತದೆ. ಆದ್ದರಿಂದ, ಸರ್ಕಾರದವರು ನಮ್ಮೂರಿಗೆ ಪರದೆ ಡಾಕ್ಟರನ್ನು ಕೊಟ್ಟಾಗ ಅದು ನನ್ನ ಕೈಕೆಳಗೇ ಬಂತು. ಪ್ರಾರ್ಥನೆ ಮನೆಯ ಪಕ್ಕದಲ್ಲಿ ಚಾಪೆ ಇಡುವ ಕೋಣೆಯಿತ್ತು. ಚಾಪೆಗಳನ್ನು ಅಟ್ಟಕ್ಕೆ ಹಾಕಿ, ಗೋಡೆಗೆ ಸುಣ್ಣ ಬಳಿದು, ಒಂದು ಮೇಜಿನ ಮೇಲೆ ಪರದೆ ಇಟ್ಟರು. ಛಾವಣಿಯ ಮೇಲೆ ಬಿಸಿಲಿನಿಂದ ಕರೆಂಟು ಮಾಡುವ ಹಲಗೆ ಕೂರಿಸಿದರು. ವಾರಕ್ಕೊಂದು ದಿನ ಕೆಳಗಿನಿಂದ ನರ್ಸಮ್ಮ ಹತ್ತಿ ಬಂದು ಗುಂಡಿ ಒತ್ತಿದರೆ, ಎಲ್ಲೋ ದೂರದ ಪಟ್ಟಣದಲ್ಲಿ ಕೂತ ಡಾಕ್ಟರಮ್ಮ ಪರದೆಯಲ್ಲಿ ಮೂಡುತ್ತಿದ್ದರು. ಹೇಳಿದ ಮಾತ್ರೆ ಮುಂದಿನ ಜೀಪಿಗೆ ಬರುತ್ತದೆ, ಒಂದು ಕಾಸೂ ಖರ್ಚಿಲ್ಲ. ನಾನು ಅಂದು ಪ್ರಾರ್ಥನೆಯಲ್ಲಿ ದೇವರಿಗೆ ಎಷ್ಟು ಉದ್ದದ ಕೃತಜ್ಞತೆ ಹೇಳಿದೆನೆಂದರೆ ಹಿಂದಿನ ಸಾಲಿನಲ್ಲಿ ಗೊರಕೆ ಕೇಳಿಸಿತು.

ನರ್ಸಮ್ಮ ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೃದು, ಕಟ್ಟಳೆ ಗಟ್ಟಿ. "ತಾತ, ಒಬ್ಬೊಬ್ಬರನ್ನೇ ಒಳಗೆ ಬಿಡಿ. ಅವರವರ ಕಾಯಿಲೆ ಅವರವರ ಗುಟ್ಟು. ಬಾಗಿಲಲ್ಲಿ ನೀವೇ ನಿಂತ್ಕೋಬೇಕು" ಎಂದಳು. ನನಗೆ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ಒಗೆದ ಅಂಗಿ ತೊಟ್ಟು, ಊರುಗೋಲು ಅಡ್ಡ ಹಿಡಿದು ನಿಂತೆ. ಮಗುವನ್ನೆತ್ತಿದ ತಾಯಿಯನ್ನೂ "ಇಬ್ಬರಾಗ್ತೀರಲ್ಲ" ಎಂದು ತಡೆದು, ನರ್ಸಮ್ಮನಿಂದ ಬೈಸಿಕೊಂಡೆ.

ಒಳಗೆ ನಡೆಯುತ್ತಿದ್ದುದು ಇಷ್ಟು. ನಮ್ಮ ಜನ ಮುಖ ತೊಳೆದು, ತಲೆ ಬಾಚಿ, ಮದುವೆಗೆ ಹೊರಟವರಂತೆ ಕುರ್ಚಿಯಲ್ಲಿ ಕೂರುತ್ತಿದ್ದರು. ಪರದೆಯಲ್ಲಿ ಡಾಕ್ಟರಮ್ಮ ನಗುತ್ತಾ, "ಹೇಗಿದ್ದೀರಿ?" ಎನ್ನುತ್ತಿದ್ದರು.

"ಪರವಾಗಿಲ್ಲಮ್ಮ. ನೀವು ಹೇಗಿದ್ದೀರಿ?"

"ಏನಾದ್ರೂ ತೊಂದರೆ?"

"ದೇವರು ನಡೆಸ್ತಿದ್ದಾನೆ. ನಿಮ್ದು ಊಟ ಆಯ್ತಾ?"

ಪರದೆಯಲ್ಲಿ ಕಾಣುವುದು ಮುಖ ಮಾತ್ರ. ಮೇಜಿನ ಕೆಳಗಿನ ಊದಿದ ಮೊಣಕಾಲು, ಸೆರಗಿನೊಳಗೆ ಹಿಡಿದಿಟ್ಟ ಕೆಮ್ಮು ಯಾವುದೂ ಅತ್ತ ಕಡೆಗೆ ಹೋಗುತ್ತಿರಲಿಲ್ಲ. ನರ್ಸಮ್ಮ ಪಕ್ಕದಿಂದ, "ಅಮ್ಮಾ, ಇದ್ದದ್ದನ್ನ ಹೇಳಿ" ಎಂದು ಗೋಗರೆದರೂ ನಮ್ಮವರು ಬಾಯಿಬಿಡರು. ಅಷ್ಟು ಓದಿದ ಹೆಣ್ಣುಮಗಳು ಪಾಪ ಅಷ್ಟು ದೂರದಿಂದ ವಿಚಾರಿಸುವಾಗ, ಸೊಂಟ ನೋವು ಅಂತ ಹೇಳಿ ಅವಳ ಮನಸ್ಸು ನೋಯಿಸುವುದುಂಟೆ? ಹೊರಗೆ ಬಂದು, "ಎಷ್ಟು ಒಳ್ಳೆ ಡಾಕ್ಟ್ರು! ಮಾತಾಡಿದ್ರೇ ಅರ್ಧ ವಾಸಿ" ಎಂದು ನನ್ನೆದುರು ಹೊಗಳಿ, ಕುಂಟುತ್ತಾ ಮನೆಗೆ ಹೋಗುತ್ತಿದ್ದರು. ನಾನು ಒಳಗೊಳಗೇ ಬೀಗುತ್ತಿದ್ದೆ. ನನ್ನ ಕತೆ ಎಷ್ಟು ಆಳಕ್ಕೆ ಇಳಿದಿದೆ!

ನನ್ನ ಹೆಂಡತಿಯೂ ಹೋಗಿ ಬಂದಳು. ಅವಳಿಗೆ ಆಗಲೇ ಮೆಟ್ಟಿಲು ಹತ್ತಿದರೆ ಉಬ್ಬಸ. ಸಂಜೆಯ ಹೊತ್ತಿಗೆ ಪಾದ ಊದಿ, ಚಪ್ಪಲಿಯ ಪಟ್ಟಿ ಕಚ್ಚಿದ ಗುರುತು ಬೆಳಗಿನವರೆಗೂ ಉಳಿಯುತ್ತಿತ್ತು. ಅಡ್ಡ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಬಸ್ಸೆಂದರೆ ಅವಳಿಗೆ ಮೊದಲ ತಿರುವಿಗೇ ವಾಂತಿ. ಆಸ್ಪತ್ರೆಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದಳು. ಈ ಪರದೆಯೊಂದೇ ಅವಳ ಪಾಲಿಗಿದ್ದ ಡಾಕ್ಟರು.

"ಏನು ಹೇಳಿದೆ?" ಎಂದು ಕೇಳಿದೆ.

"ಪರವಾಗಿಲ್ಲ ಅಂದೆ."

"ಉಬ್ಬಸದ ವಿಷಯ?"

"ನೀವೇ ಹೇಳ್ತೀರಲ್ಲ ದಿನಾ, ನೀರು ತಣ್ಣಗಿದೆ ಅಂತ."

ಅವಳು ಚುಚ್ಚಿದ್ದೋ, ನಂಬಿ ಹೇಳಿದ್ದೋ ತಿಳಿಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿಯೂ ನನಗೆ ಅದು ಗೊತ್ತಾಗುವುದಿಲ್ಲ.

ಒಂದು ದಿನ ನರ್ಸಮ್ಮ ಮುಖ ಸಣ್ಣದು ಮಾಡಿಕೊಂಡು ಬಂದಳು. "ತಾತ, ಮೇಲಿನವರು ನಿಮ್ಮೂರನ್ನ ತುಂಬ ಹೊಗಳಿದ್ದಾರೆ. ಸುತ್ತಮುತ್ತ ಇಷ್ಟು ಆರೋಗ್ಯವಾಗಿರೋ ಊರು ಇನ್ನೊಂದಿಲ್ವಂತೆ."

ನಾನು ಅಲ್ಲೇ ಕೈ ಮುಗಿದು ಕಣ್ಣು ಮುಚ್ಚಿದೆ. ಒಂದು ಸಣ್ಣ ಸ್ತುತಿ ಶುರುವಾಗಿಯೂ ಬಿಟ್ಟಿತ್ತು.

"ಪೂರ್ತಿ ಕೇಳಿ. ಕಾಯಿಲೆ ಇಲ್ಲದ ಊರಿಗೆ ಡಾಕ್ಟರು ಯಾಕೆ ಅಂತ ಮುಂದಿನ ವಾರ ಪರದೆ ಬಿಚ್ಚಿಕೊಂಡು ಹೋಗ್ತಾರೆ. ಒಬ್ಬ ಸಾಹೇಬರು ಬರ್ತಾರೆ. ಅವತ್ತು ಒಬ್ಬರಾದ್ರೂ ಬಾಯಿಬಿಟ್ಟು ಇಂಥ ಕಾಯಿಲೆ ಅಂದ್ರೆ ಉಳಿಸೋಕೆ ನೋಡಬಹುದು."

ಸ್ತುತಿ ಗಂಟಲಲ್ಲೇ ನಿಂತಿತು. ನನ್ನ ಕಣ್ಣಿಗೆ ಬಂದದ್ದು ಗೋಡೆಗೆ ಒರಗಿ ಕೂತು, ಬಾಯಿ ತೆರೆದು ಉಸಿರೆಳೆಯುತ್ತಾ ನಿದ್ದೆ ಮಾಡುವ ಹೆಂಡತಿ. ಪರದೆ ಹೋದರೆ ಅವಳು ಹಾಗೆಯೇ ಕೂತಿರುತ್ತಾಳೆ, ಎಷ್ಟು ದಿನ ಕೂರಲಾಗುತ್ತದೋ ಅಷ್ಟು ದಿನ.

ಜನರಿಗೆ ನರಳುವುದನ್ನು ಕಲಿಸಬೇಕೆಂದು ನಿಶ್ಚಯಿಸಿದೆ. ಕಲಿಸುವ ವಿಷಯದಲ್ಲಿ ನನ್ನ ಮೇಲೆ ನನಗೆ ಅಪಾರ ನಂಬಿಕೆ. ಅಂದು ಸಂಜೆ ಹೊಸ ಕತೆ ಕಟ್ಟಿದೆ: ಕಾಲಿಗೆ ಮುಳ್ಳು ಚುಚ್ಚಿಸಿಕೊಂಡ ಒಬ್ಬ ದಾರಿಹೋಕ, ಕೂಗಿ ಅತ್ತಿದ್ದರಿಂದಲೇ ದೇವರು ಅವನ ಬಳಿಗೆ ಚಿಮುಟ ಹಿಡಿದು ಬಂದ ಎಂದು. ದೇವರ ಕೈಗೆ ಚಿಮುಟ ಕೊಡುವಾಗ ಸ್ವಲ್ಪ ಸಂಕೋಚವಾಯಿತು, ಆದರೂ ಕೊಟ್ಟೆ. ಕತೆ ಮುಗಿದ ಮೇಲೆ ಎಲ್ಲರೂ ಎದ್ದು ಬಂದು ಕೈ ಮುಗಿದರು.

"ಹೇಗಿತ್ತು?" ಎಂದು ಬಡಗಿಯನ್ನು ಕೇಳಿದೆ.

"ಪರವಾಗಿಲ್ಲ ತಾತ" ಎಂದ ಬಡಗಿ, ಬಲಗೈಯನ್ನು ಎಡಗೈಯಿಂದ ಎತ್ತಿ ಮುಗಿಯುತ್ತಾ. ಅವನ ಭುಜ ಹಿಡಿದುಕೊಂಡು ಬಹಳ ಕಾಲವಾಗಿತ್ತು.

ಉಪದೇಶ ಸಾಲದು, ತಾಲೀಮು ಬೇಕು ಅನ್ನಿಸಿತು. ಮರುದಿನ ಬಡಗಿಯ ಕೆಲಸದ ಚಪ್ಪರಕ್ಕೆ ಹೋದೆ. ಅರ್ಧ ಮುಗಿದ ಕಿಟಕಿ ಚೌಕಟ್ಟೊಂದು ಗೋಡೆಗೆ ಒರಗಿತ್ತು. ಅದರ ಹಿಂದೆ ಕೂತು, ಮುಖ ಮಾತ್ರ ಕಾಣುವಂತೆ ಇಟ್ಟು, ಡಾಕ್ಟರಮ್ಮನ ಹಾಗೆ ನಕ್ಕೆ. ಮರದ ಪುಡಿ ಮೂಗಿಗೆ ಹೋಗಿ ನಗು ಅರ್ಧದಲ್ಲೇ ಸೀನಾಯಿತು.

"ಹೇಗಿದ್ದೀರಿ?"

"ಪರವಾಗಿಲ್ಲ."

"ಅಯ್ಯೋ, ನೋವು ಹೇಳಪ್ಪಾ, ನೋವು!"

"ಯಾರ ನೋವು ತಾತ?"

"ನಿನ್ನದು!"

"ನಂದೇನು ಬಿಡಿ, ಮಹಾ. ಆ ದರ್ಜಿ ಮನೆ ದೊಡ್ಡ ಸೊಸೆ ಕೆಮ್ಮು ಕೇಳಿದ್ದೀರಾ? ನಮ್ಮ ಮನೆವರೆಗೂ ಕೇಳುತ್ತೆ. ಎದೆ ಒಳಗೆ ಗರಗಸ ಎಳೆದ ಹಾಗೆ. ಮೊದಲು ಸಾಯಂಕಾಲ ಮಾತ್ರ ಇತ್ತು, ಈಗ ಬೆಳಿಗ್ಗೆಯೂ..."

"ಛೆ! ಇನ್ನೊಬ್ಬರ ವಿಷಯ ಆಡಬಾರದು, ಪಾಪ. ನಿನ್ನದು ಹೇಳು."

ಅವನು ಬಾಯಿ ಮುಚ್ಚಿಕೊಂಡ. ಈ ಜನರ ಬಾಯಿ ತೆರೆಸುವ ಬೀಗದ ಕೈ ನನ್ನ ಕೈಗೇ ಬಂದಿತ್ತು. ನಾನು ಅದಕ್ಕೆ ನೀತಿ ಬೋಧಿಸಿ ವಾಪಸ್ಸು ಕಳಿಸಿದೆ.

ಆ ದಿನ ಬಂತು. ಸಾಹೇಬರು ಕಲ್ಲಿನ ಮೆಟ್ಟಿಲು ಹತ್ತಿ ಬಂದಾಗ ಮುಖ ಕೆಂಪಾಗಿ, ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಕೈ ಪಕ್ಕೆಯನ್ನು ಒತ್ತಿ ಹಿಡಿದಿತ್ತು. ನನ್ನ ಹೆಂಡತಿ ನೀರು ಕೊಟ್ಟು, "ಹೇಗಿದ್ದೀರಿ ಸಾಹೇಬ್ರೆ?" ಎಂದು ಕೇಳಿದಳು.

"ಪರ... ವಾಗಿಲ್ಲ... ಅಮ್ಮ" ಎಂದರು, ಎರಡು ಉಸಿರಿನಲ್ಲಿ.

ಅವಳು ನನ್ನ ಕಡೆ ನೋಡಿದಳು. ನಾನು ಛಾವಣಿ ನೋಡಿದೆ.

ಸಾಹೇಬರು ಒಳಗೆ ಮೂಲೆಯ ಕುರ್ಚಿಯಲ್ಲಿ ಕೂತರು. ನರ್ಸಮ್ಮ ಪರದೆ ಹಚ್ಚಿದಳು. ನಾನು ಬಾಗಿಲಲ್ಲಿ ನಿಂತೆ. ಬಡಗಿ ಒಳಗೆ ಹೋದ, ಪರವಾಗಿಲ್ಲ ಎಂದ, ಹೊರಗೆ ಬಂದ. ಇನ್ನೊಬ್ಬರು ಹೋದರು, ಡಾಕ್ಟರಮ್ಮನ ಮಕ್ಕಳ ಯೋಗಕ್ಷೇಮ ವಿಚಾರಿಸಿದರು, ಬಂದರು. ಸಾಹೇಬರು ಕೈಗಡಿಯಾರ ನೋಡಿಕೊಂಡದ್ದು ಬಾಗಿಲ ಸಂದಿಯಿಂದ ಕಂಡಿತು. ಪರದೆ ತುಂಬಲು ತಂದ ಪೆಟ್ಟಿಗೆ ಹೊರಗೆ ಬಾಯಿ ತೆರೆದುಕೊಂಡು ಕೂತಿತ್ತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ತಂದೆ, ಯಾರಿಗಾದರೂ ಒಂದು ಕಾಯಿಲೆ ಕೊಡು. ಮರುಕ್ಷಣ ನಾಲಿಗೆ ಕಚ್ಚಿಕೊಂಡು ತಿದ್ದಿದೆ: ಕೊಟ್ಟಿದ್ದೀಯಲ್ಲ, ಅದನ್ನು ಹೇಳುವ ಬಾಯಿ ಕೊಡು.

ದರ್ಜಿ ಮನೆಯ ದೊಡ್ಡ ಸೊಸೆ ಒಳಗೆ ಹೋದಳು. ಅವಳ ಓರಗಿತ್ತಿ, ಚಿಕ್ಕ ಸೊಸೆ, ಸರದಿಗೆ ಕಾಯುತ್ತಾ ಬಾಗಿಲ ಹತ್ತಿರ ನಿಂತಳು. ಅವರಿಬ್ಬರಿಗೂ ಎಣ್ಣೆ ಸೀಗೆಕಾಯಿ. ಅಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಕೆಲವು ಕಾಲದಿಂದ ನಾನು ಹೊರಗೆ ಹೋಗಿಬರುವುದು ಹೆಚ್ಚಾಗಿತ್ತು. ಒಂದು ಕತೆ ಮುಗಿಯುವಷ್ಟರಲ್ಲಿ ಒಮ್ಮೆ ಎದ್ದು ಗೋಡೆಯ ಹಿಂದೆ ಹೋಗಬೇಕು. ಕತೆ ಕೇಳುವವರು, ತಾತ ಭಾವಾವೇಶ ತಡೆಯಲಾರದೆ ಏಕಾಂತಕ್ಕೆ ಹೋಗುತ್ತಾರೆಂದು ತಿಳಿದಿದ್ದರು. ನಾನು ತಿದ್ದಿರಲಿಲ್ಲ.

ಅಂದೂ ಊರುಗೋಲನ್ನು ಬಾಗಿಲಿಗೆ ಒರಗಿಸಿ ಗೋಡೆಯ ಹಿಂದಕ್ಕೆ ಹೋದೆ. ಅಲ್ಲಿ ಇರುವಾಗಲೇ ಒಳಗಿನಿಂದ ಗಲಾಟೆ ಕೇಳಿಸಿತು.

"ಏನಂದ್ರಿ ಅಕ್ಕ? ಪರವಾಗಿಲ್ವಾ? ಡಾಕ್ಟ್ರಮ್ಮಾ, ಇವ್ರ ಮಾತು ನಂಬ್ಬೇಡಿ! ಬೆಳಿಗ್ಗೆ ಎದ್ರೆ ಕೆಮ್ಮು, ಮಲಗಿದ್ರೆ ಕೆಮ್ಮು. ಹೊಲಿಗೆ ಮಿಷನ್ ಸದ್ದೂ ಇದಕ್ಕಿಂತ ವಾಸಿ. ಮೊನ್ನೆ ಕರವಸ್ತ್ರದಲ್ಲಿ ಕೆಂಪಗಿತ್ತು, ತೊಳೆದು ಒಣಗಿ ಹಾಕಿದ್ರು. ನಾನು ನೋಡ್ಲಿಲ್ಲ ಅಂತ ತಿಳ್ಕೊಂಡಿದಾರೆ!"

"ಮುಚ್ಚೇ ಬಾಯಿ! ನಿನ್ನನ್ನ ಯಾರು ಕರೆದ್ರು ಒಳಗೆ? ಡಾಕ್ಟ್ರಮ್ಮ, ಇವಳ ಕತೆ ಕೇಳಿ ಮೊದಲು. ಹೆರಿಗೆ ಆದಾಗಿನಿಂದ ನಿಂತ್ರೆ ಕಣ್ಣು ಕತ್ತಲೆ ಬರುತ್ತೆ ಇವಳಿಗೆ. ಮುಖ ನೋಡಿ, ಸುಣ್ಣ! ಅನ್ನ ಎಲ್ಲಾ ಮಕ್ಕಳ ತಟ್ಟೆಗೆ ಹಾಕಿ, ತಾನು ನೀರು ಕುಡಿದು ಏಳ್ತಾಳೆ. ಕೇಳಿದ್ರೆ ಪರವಾಗಿಲ್ವಂತೆ!"

ನಾನು ಪಂಚೆ ಸರಿಪಡಿಸಿಕೊಳ್ಳುತ್ತಾ ಓಡಿಬಂದೆ. ಕಟ್ಟಳೆ ಮುರಿದಿತ್ತು, ಸಾಹೇಬರ ಎದುರಿಗೇ. "ಏಯ್, ಒಬ್ಬರೇ, ಒಬ್ಬರೇ!" ಎಂದು ಊರುಗೋಲು ಎತ್ತಿದೆ. ನರ್ಸಮ್ಮ ಕೈಯೆತ್ತಿ ನನ್ನನ್ನು ತಡೆದಳು. ಅವಳ ಇನ್ನೊಂದು ಕೈ ಆಗಲೇ ರಕ್ತದೊತ್ತಡದ ಪಟ್ಟಿಯನ್ನು ಚಿಕ್ಕ ಸೊಸೆಯ ತೋಳಿಗೆ ಸುತ್ತುತ್ತಿತ್ತು. ಪರದೆಯಲ್ಲಿ ಡಾಕ್ಟರಮ್ಮ ಮುಂದಕ್ಕೆ ಬಾಗಿದ್ದರು. ಅವರ ಮುಖದಲ್ಲಿ ಆ ನಗು ಇರಲಿಲ್ಲ. ಅವರು ನಿಜವಾಗಿ ಡಾಕ್ಟರಂತೆ ಕಂಡದ್ದು ಅದೇ ಮೊದಲು. "ಇನ್ನೂ ಹೇಳಿ" ಎನ್ನುತ್ತಿದ್ದರು.

ಹೊರಗೆ ಕಾಯುತ್ತಿದ್ದವರಿಗೆ ಇಷ್ಟು ಸಾಕಾಯಿತು. ತಮ್ಮ ನೋವು ಹೇಳಲು ಬಾಯಿ ಬಾರದ ಜನಕ್ಕೆ ಪಕ್ಕದವರ ನೋವು ಹೇಳಲು ಬಾಯಿ ಸಾಲದಾಯಿತು. ಬಡಗಿಯನ್ನು ಅವನ ಅತ್ತಿಗೆ ತೋಳು ಹಿಡಿದು ವಾಪಸ್ಸು ಎಳೆತಂದು, "ಇವನ ಭುಜ ನೋಡಿ, ಸ್ನಾನಕ್ಕೆ ಚೊಂಬು ಎತ್ತೋಕಾಗಲ್ಲ" ಎಂದಳು. ಬಡಗಿ, "ಅತ್ತಿಗೆ ಕಣ್ಣಿಗೆ ಪೊರೆ ಬಂದಿದೆ, ನಿನ್ನೆ ನನಗೆ ಬಡಿಸೋ ಅನ್ನವನ್ನ ನೆಲಕ್ಕೆ ಬಡಿಸಿದ್ರು" ಎಂದ. ಯಾರ ಮಾತಿನಲ್ಲೂ ವಿಷವಿರಲಿಲ್ಲ. ಅಷ್ಟೂ ದಿನ ಒಬ್ಬರನ್ನೊಬ್ಬರು ಸುಮ್ಮನೆ ನೋಡಿಕೊಂಡೇ ಇದ್ದರು. ಅದು ಅಂದು ಬೈಗುಳವಾಗಿ ಹೊರಬಂತು. ದೇವರು ನನ್ನ ಬೇಡಿಕೆಯನ್ನು ಕೇಳಿದ್ದ, ಆದರೆ ಬಾಯನ್ನು ಪಕ್ಕದವರ ಮುಖದಲ್ಲಿಟ್ಟಿದ್ದ.

ನಾನು ಊರುಗೋಲು ಕೆಳಗಿಟ್ಟೆ. ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಹೋಗಿ ಕೈ ಹಿಡಿದೆ.

"ಬಾ ಒಳಗೆ."

"ನಂಗೇನಾಗಿದೆ? ಪರವಾ..."

"ನೀನು ಮಾತಾಡಬೇಡ. ನಾನು ಹೇಳ್ತೀನಿ."

ಪರದೆಯ ಮುಂದೆ ಅವಳನ್ನು ಕೂರಿಸಿ, ನಾನು ಹೇಳಿದೆ. ಕತೆ ಹೇಳಿ ಹೇಳಿ ಪಳಗಿದ ನಾಲಿಗೆ ಅಂದು ತೊದಲಿತು. ಮೆಟ್ಟಿಲ ಉಬ್ಬಸ ಹೇಳಿದೆ. ಪಾದದ ಊತ ಹೇಳಿದೆ, ಅವಳ ಕಾಲನ್ನು ಮೆಲ್ಲಗೆ ಎತ್ತಿ ಪರದೆಗೆ ತೋರಿಸಿದೆ. ಅವಳು ನಾಚಿಕೆಯಿಂದ, "ದೊಡ್ಡವರ ಮುಂದೆ ಕಾಲು ಎತ್ತಿಸ್ತೀರಲ್ರೀ" ಎಂದು ಗದರಿದಳು. ಕೂತೇ ನಿದ್ದೆ ಮಾಡುತ್ತಾಳೆ ಎಂದೂ ಹೇಳಿದೆ. ಡಾಕ್ಟರಮ್ಮ ನರ್ಸಮ್ಮನಿಂದ ಪಾದ ಒತ್ತಿಸಿ ನೋಡಿದರು, ಬೆನ್ನಿಗೆ ಆಲಿಸುವ ಕೊಳವೆ ಇಡಿಸಿದರು. ಹೃದಯ ದಣಿದಿದೆ, ಅದಕ್ಕೇ ನೀರು ತುಂಬುತ್ತಿದೆ. ನೀರಿಳಿಸುವ ಮಾತ್ರೆ ನರ್ಸಮ್ಮನ ಚೀಲದಲ್ಲೇ ಇದೆ, ಇವತ್ತೇ ಶುರು ಮಾಡೋಣ, ಒಂದು ಸಲ ಮಾತ್ರ ದೊಡ್ಡ ಆಸ್ಪತ್ರೆಗೆ ಬರಲೇಬೇಕು ಎಂದರು.

"ಬಸ್ಸು ಬೇಡ" ಎಂದಳು ಇವಳು.

ಮೂಲೆಯಿಂದ ಸಾಹೇಬರು, ಪಕ್ಕೆಯ ಮೇಲಿನ ಕೈ ತೆಗೆಯದೆಯೇ, "ನಮ್ಮ ಜೀಪಿನಲ್ಲೇ ಹೋಗೋಣಮ್ಮ. ಮುಂದಿನ ಸೀಟಿನಲ್ಲಿ ಕೂತ್ಕೊಳ್ಳಿ" ಎಂದರು.

ನಾನು ಉಸಿರು ಬಿಟ್ಟೆ. ದೇವರಿಗೆ ಉದ್ದದ ಕೃತಜ್ಞತೆಯೊಂದನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾ ಏಳಲು ಹೊರಟೆ.

"ಕೂತ್ಕೊಳ್ಳಿ" ಎಂದಳು ಹೆಂಡತಿ. "ಈಗ ನನ್ನ ಸರದಿ. ಡಾಕ್ಟ್ರಮ್ಮಾ, ಇವರಿಗೆ ಕಾಲಿಂದ ಚಪ್ಪಲಿ ಜಾರಿ ಬಿದ್ರೂ ಗೊತ್ತಾಗಲ್ಲ. ಒಂದೇ ಚಪ್ಪಲಿಯಲ್ಲಿ ಮನೆಗೆ ಬರ್ತಾರೆ. ಮೊನ್ನೆ ಒಲೆ ಹತ್ತಿರ ಕೆಂಡ ತುಳಿದು ನಿಂತಿದ್ರು, ಸುಟ್ಟ ವಾಸನೆ ನನಗೆ ಬಂತು, ಇವರಿಗೆ ಇಲ್ಲ. ಕೊಡಗಟ್ಟಲೆ ನೀರು ಕುಡೀತಾರೆ, ಅಷ್ಟೇ ಸಲ ಹೊರಗೆ ಹೋಗ್ತಾರೆ. ಯಾಕ್ರೀ ಅಂತ ಕೇಳಿದ್ರೆ, ದೇಹದ ಮೋಹ ಕಳಚ್ತಾ ಇದೆ ಕಣೇ, ಇದು ವೈರಾಗ್ಯ ಅಂತಾರೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಗದಿರಲು ಎಲ್ಲರೂ ಪಟ್ಟ ಕಷ್ಟ ನನಗೆ ಕಾಣಿಸುತ್ತಿತ್ತು. ನರ್ಸಮ್ಮ ನನ್ನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಕಡ್ಡಿಗೆ ಹಚ್ಚಿ, ಸಣ್ಣ ಯಂತ್ರಕ್ಕೆ ಸಿಕ್ಕಿಸಿದಳು. ಅದು ಕುಂಯ್ ಎಂದಿತು. ಅವಳು ಅದನ್ನು ಪರದೆಯ ಕಡೆ ತಿರುಗಿಸಿದಳು.

"ತಾತ," ಎಂದರು ಡಾಕ್ಟರಮ್ಮ, ಆದಷ್ಟು ಗೌರವದಿಂದ, "ಇದು ವೈರಾಗ್ಯ ಅಲ್ಲ. ಸಕ್ಕರೆ ಕಾಯಿಲೆ."

ಎಷ್ಟೋ ವರ್ಷಗಳ ಸಾಧನೆ ಒಂದು ಹನಿಯಲ್ಲಿ ಮುಗಿದುಹೋಯಿತು. ಮೊದಲು ನಕ್ಕವಳು ನನ್ನ ಹೆಂಡತಿ. ನಗುವಿನಿಂದ ಉಬ್ಬಸ ಬಂದು, ಉಬ್ಬಸದ ನಡುವೆಯೇ ಮತ್ತೆ ನಕ್ಕಳು. ಆಮೇಲೆ ಗೋಡೆ ಬಿರಿಯುವಂತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಪೆಟ್ಟಿಗೆ ಖಾಲಿಯಾಗಿಯೇ ಕೆಳಗಿಳಿಯಿತು. ಹೋಗುವ ಮುನ್ನ ನರ್ಸಮ್ಮ ಸಾಹೇಬರಿಗೂ ಪಟ್ಟಿ ಕಟ್ಟಿ ನೋಡಿದಳು. ಅವರನ್ನು ಪರದೆಯ ಮುಂದಕ್ಕೆ ತಳ್ಳಿ ದೂರು ಹೇಳಿದವನು, ಪೆಟ್ಟಿಗೆ ಹೊತ್ತು ಬಂದಿದ್ದ ಅವರ ಜೀಪಿನ ಚಾಲಕ. ಈಗ ನಮ್ಮೂರಿನ ಕಟ್ಟಳೆ ಬೇರೆ: ಪರದೆಯ ಮುಂದೆ ಜೋಡಿಯಾಗಿ ಹೋಗಬೇಕು. ಗುಟ್ಟಿನ ಮಾತಿದ್ದವರು ಆಮೇಲೆ ನರ್ಸಮ್ಮನ ಕಿವಿಯಲ್ಲಿ ಹೇಳಿಕೊಳ್ಳುತ್ತಾರೆ. ಡಾಕ್ಟರಮ್ಮ "ಹೇಗಿದ್ದೀರಿ?" ಎಂದು ಕೇಳುವುದನ್ನೇ ಬಿಟ್ಟಿದ್ದಾರೆ. ಪಕ್ಕದವರ ಕಡೆ ತಿರುಗಿ, "ಇವರು ಹೇಗಿದ್ದಾರೆ?" ಎನ್ನುತ್ತಾರೆ. ದರ್ಜಿ ಮನೆಯ ದೊಡ್ಡ ಸೊಸೆಗೆ ದಿನಾ ಮಾತ್ರೆ ನುಂಗಿಸುವವಳು ಅವಳ ಓರಗಿತ್ತಿಯೇ. ನುಂಗಿದ್ದಾಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡುತ್ತಾಳಂತೆ. ಅವರ ಜಗಳ ಮಾತ್ರ ವಾಸಿಯಾಗಿಲ್ಲ.

ನನ್ನ ಮಾತ್ರೆಗಳು ಹೆಂಡತಿಯ ಬಳಿ, ಅವಳವು ನನ್ನ ಬಳಿ. ಅವಳು ಈಗ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಾಳೆ. ಬೆಳಗಿನ ಪ್ರಾರ್ಥನೆಗೆ ಏಳುವಾಗ ಅವಳ ನೀಳವಾದ ಉಸಿರನ್ನು ಒಂದು ಗಳಿಗೆ ಕೇಳಿಸಿಕೊಂಡು ಕೂರುತ್ತೇನೆ. ಅಂಥ ಹೊತ್ತಿನಲ್ಲಿ ದೇವರಿಗೆ ಹೆಚ್ಚು ಹೇಳಲು ಏನೂ ಉಳಿಯುವುದಿಲ್ಲ.

ನಿನ್ನೆ ಸಂಜೆ ಬಾವಿಯ ಕತೆಯನ್ನು ಮತ್ತೆ ಹೇಳಿದೆ, ಈ ಸಲ ಪೂರ್ತಿಯಾಗಿ. ಬಿದ್ದವನು ಪರವಾಗಿಲ್ಲ ಎಂದದ್ದು ಕೇಳಿ, ಒಳ್ಳೆಯ ಮನುಷ್ಯ ಎಂದು ಹೊಗಳಿಕೊಂಡು ಊರವರು ಮನೆಗೆ ಹೊರಟರು. ಅಷ್ಟರಲ್ಲಿ ಅವನ ಹೆಂಡತಿ ಹಗ್ಗ ಹಿಡಿದು ಓಡಿಬಂದಳು. "ಅವರ ಮಾತು ಏನು ಕೇಳ್ತೀರಿ? ಅವರಿಗೆ ಈಜು ಬರಲ್ಲ! ಎಳೀರಿ!" ಎಂದು ಕೂಗಿದಳು. ಎಲ್ಲರೂ ಸೇರಿ ಎಳೆದರು. ಮೇಲೆ ಬಂದವನು ನಡುಗುತ್ತಾ, ಆ ಹಗ್ಗವನ್ನು ಕಣ್ಣಿಗೊತ್ತಿಕೊಂಡ. ಅದರ ಇನ್ನೊಂದು ತುದಿಯಲ್ಲಿ ದೇವರಿದ್ದದ್ದು ಅವನಿಗೆ ಆಗ ತಿಳಿಯಿತು.

ಜನ ತಲೆದೂಗಿದರು. ಮನೆಯ ದಾರಿಯಲ್ಲಿ, ಎರಡೂ ಚಪ್ಪಲಿ ಕಾಲಲ್ಲಿದೆಯೇ ಎಂದು ಬಗ್ಗಿ ನೋಡಿಕೊಂಡು, ಹೆಂಡತಿಯನ್ನು ಕೇಳಿದೆ: "ಹೇಗಿತ್ತೇ ಕತೆ?"

ಅವಳು ನಿಲ್ಲದೆ, ಉಬ್ಬಸವಿಲ್ಲದೆ, ಮುಂದೆ ಮುಂದೆ ಮೆಟ್ಟಿಲು ಹತ್ತುತ್ತಾ ಹೇಳಿದಳು:

"ಪರವಾಗಿಲ್ಲ."